ಸೊನ್ನೆ ಟಿಕೀಟು

ಕಲಬುರ್ಗಿ ಸ್ಟ್ಯಾಂಡಿನಲ್ಲಿ ರಾತ್ರಿ ಎಂಟಕ್ಕೆ
ಮೂವರ ಕೈಗೆ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ ಕಂಡಕ್ಟರ
ಶಿವಲೀಲಾಳ ಆಧಾರ್ ಕಾರ್ಡನ್ನು ಲೈಟಿಗೆ ಹಿಡಿದ.
'ಅಕ್ಕಲಕೋಟ ಅದಲ್ಲವ್ವ ಇದು. ಮಹಾರಾಷ್ಟ್ರ.
ರೊಕ್ಕ ತೆಗಿ.'

ಎಂ.ಎ. ಕನ್ನಡದಲ್ಲಿ ನಮಗೆಲ್ಲ
ಹಳಗನ್ನಡ ಬಿಡಿಸಿ ಹೇಳುವವಳು ಅವಳು.
ಷಟ್ಪದಿಯಲ್ಲಿ ಉಸಿರು ಎಲ್ಲಿ ನಿಲ್ಲಬೇಕು, ಅವಳ ಬೆರಳಿಗೆ ಗೊತ್ತು.
ಆ ಬೆರಳು ಈಗ ಪರ್ಸಿನ ಜಿಪ್ಪಿನಲ್ಲಿ ಸಿಕ್ಕಿಕೊಂಡಿತು.
ಹುಬ್ಬಳ್ಳಿವರೆಗೆ ನಾನೂರ ಮೂವತ್ತು.

ಲೆಕ್ಕದ ನೋಟುಬುಕ್ಕು ನನ್ನ ಹತ್ತಿರ.
ಮೊದಲ ಪುಟದಲ್ಲೇ ಜಗಳ:
ನಾಲ್ಕು ಪಾಲು ಮಾಡೋಣ ಎಂದೆ.
'ಬ್ಯಾಡ' ಅಂದಳು, ಕಿಟಕಿಗೆ ಮುಖ ಮಾಡಿ.
'ನಾಲ್ಕಲ್ಲ, ಮೂರು' ಅಂದಳು ಮರೆಮ್ಮ,
'ಬಿಟ್ಟಿ ಹೊಂಟವರು ಕೊಡಬೇಕು.'
ರೇಷ್ಮಾ ನಿದ್ದೆ ಬಂದವಳಂತೆ ನಟಿಸಿದಳು.
ನಾನು 'ಆಮೇಲೆ' ಎಂದು ಬರೆದು ಅಡಿಗೆರೆ ಎಳೆದೆ.

ಯಲ್ಲಾಪುರ ದಾಟಿದ ಮೇಲೆ
ಇಷ್ಟು ಯಾಕೆ ಎಂದು ಕೇಳುವಷ್ಟು ಮರ.
ಅರಬೈಲ್ ಘಟ್ಟದ ತಿರುವಿನಲ್ಲಿ
ರೇಷ್ಮಾ ಚೀಲದೊಳಗೆ ವಾಂತಿ ಮಾಡಿ
'ಸಮುದ್ರ ಬಂತಾ?' ಅಂದಳು.

ಕಾರವಾರದಲ್ಲಿ ಲಾಡ್ಜಿನವರು ಸಾವಿರ ಕೇಳಿದರು.
ಬೈತಖೋಲದ ಹತ್ತಿರ, ಹೆದ್ದಾರಿ ಕೆಲಸದವರ ತಗಡಿನ ಶೆಡ್ಡಿನಲ್ಲಿ
ಮರೆಮ್ಮನ ಚಿಗವ್ವ ಇದ್ದಳು, ಲಿಂಗಸುಗೂರಿನ ಮಂದಿಯ ನಡುವೆ.
ಎದುರಿನ ಅಂಗಡಿಯವ ನಮ್ಮ ಚೀಲ ನೋಡಿ
'ಘಟ್ಟದ ಮೇಲಿನವರು, ಇನ್ನೂ ನಾಲ್ಕು' ಎಂದು ಯಾರಿಗೋ ಹೇಳಿದ.
ನಾಲ್ವರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದು
ಅವನೇ ಮೊದಲು.

ಚಿಗವ್ವ ಸಮುದ್ರವನ್ನು ಹೊಗಳಲಿಲ್ಲ.
'ಇಷ್ಟು ನೀರೈತಿ, ಒಂದು ಬುಟ್ಟಿ ಕಾಂಕ್ರೀಟಿಗೆ ಬರಂಗಿಲ್ಲ.
ಕಬ್ಬಿಣ ತಿಂತೈತಿ.'
ನಾವು ತಂದ ಖಡಕ್ ರೊಟ್ಟಿ,
ಊರಲ್ಲಿ ತಿಂಗಳಿಟ್ಟರೂ ಮುರಿದರೆ ಸದ್ದು ಮಾಡುವಂಥದು,
ಇಲ್ಲಿ ಒಂದೇ ರಾತ್ರಿಗೆ ಒದ್ದೆ ಹಾಳೆಯಂತೆ ಬಾಗಿತು.
ಮೀನೂಟ ಇನ್ನೂರು. ನೋಟುಬುಕ್ಕು ಒಪ್ಪಲಿಲ್ಲ.
ಬೋರ್ಡು ಓದಿ, ವಾಸನೆ ಉಂಡು, ಮುಂದೆ ನಡೆದೆವು.

ಬಂದರಿನಲ್ಲಿ ಬುಟ್ಟಿ ಮುಂದಿಟ್ಟು ಕೂತವಳು
'ಖಂಯ್ಚಿ ಗೋ ತುಮಿ?' ಅಂದಳು.
ಅವಳ ಕನ್ನಡ ನಮಗೆ, ನಮ್ಮದು ಅವಳಿಗೆ, ಅರ್ಧರ್ಧ.
ಶಿವಲೀಲಾ ಸಂತೆಯ ಮರಾಠಿಯಲ್ಲಿ ಏನೋ ಅಂದಳು.
ಅವಳು ಕೊಂಕಣಿಯಲ್ಲಿ ನಕ್ಕಳು.
ನೂರಕ್ಕೆ ಹತ್ತಿದ್ದ ಬಂಗಡೆ ಹದಿನಾಲ್ಕಾಯಿತು.
ಮೀನು ಮುಟ್ಟದ ಮನೆಯ ಹುಡುಗಿ
ಮೂಗಿಗೆ ವೇಲು ಕಟ್ಟಿಕೊಂಡೇ ಚೌಕಾಸಿ ಮಾಡಿದ್ದು.
'ಬರ್ಕೋ' ಅಂದಳು ನನಗೆ, 'ನಾಲ್ಕು ಬಂಗಡೆ ನನ್ನ ಜಮಾ.'
ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ.

ಸಂಜೆ ಚಿಗವ್ವನ ಒಲೆ ಚುರುಗುಟ್ಟುವಾಗ
ಗಾಳಿಯ ಮೇಲುಗಡೆ ದೂರ ಕೂತು
ಬಾಗಿದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ
ಅಲೆಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು.
'ಮೂರು, ನಾಲ್ಕು, ಮೂರು... ಇಲ್ಲ, ಗಣ ತಪ್ಪಿತು.'
ಮತ್ತೆ ಮೊದಲಿನಿಂದ.

ಮೂರನೇ ದಿನ ತದಡಿಯಲ್ಲಿ ಬಾರ್ಜು.
ಬೈಕು, ಕೋಳಿ, ಗ್ಯಾಸ್ ಸಿಲಿಂಡರು, ಶಾಲೆ ಮಕ್ಕಳು, ನಾವು.
ಹಣ ಎತ್ತುವ ಮುದುಕ ಮುಖ ನೋಡದೆ ಅಂಗೈ ಚಾಚಿದ:
ಹತ್ತು, ಹತ್ತು, ಹತ್ತು, ಹತ್ತು.
ಕಾರ್ಡು ತೆಗೆಯಲು ಹೋದ ಶಿವಲೀಲಾಳ ಕೈ
ಅರ್ಧ ದಾರಿಯಲ್ಲಿ ಸುಮ್ಮನಾಯಿತು.
ಹೊಳೆ ಸಮುದ್ರಕ್ಕೆ ಸೇರುವ ಕಡೆಗೆ
ನಾವು ನಾಲ್ವರೂ ದುಡ್ಡು ಕೊಟ್ಟು ನಿಂತಿದ್ದೆವು.

ಕುಮಟಾದಲ್ಲಿ ಮತ್ತೆ ಬಸ್ಸು, ಮತ್ತೆ ಕಂಡಕ್ಟರ.
ಮರೆಮ್ಮ ಮೊದಲೇ ನೋಟು ಮಡಚಿ ಹಿಡಿದಿದ್ದಳು:
'ಮೂರು ಸೊನ್ನೆ, ಒಂದು ಹುಬ್ಬಳ್ಳಿ.'
ಈ ಸಲ ನಿದ್ದೆ ನಟಿಸಿದ್ದು ಶಿವಲೀಲಾ.
ರೇಷ್ಮಾ ಎಚ್ಚರವಿದ್ದಳು, ತನ್ನ ಪಾಲಿನ ಚಿಲ್ಲರೆ
ಸದ್ದಾಗದಂತೆ ನನ್ನ ಮಡಿಲಿಗೆ ಹಾಕಿದಳು.

ನೋಟುಬುಕ್ಕು ಮೀನು ನಾರುತ್ತಿತ್ತು.
ಮೊದಲ ಪುಟ ನೀರು ಕುಡಿದು ಉಬ್ಬಿತ್ತು.
'ಆಮೇಲೆ' ಅಳಿಸಿರಲಿಲ್ಲ.
ನಾನೂ ಅಳಿಸಲಿಲ್ಲ.