ಕಿಸೆ

ಅರಿಶಿಣದ ಕಲೆ ಬಿಸಲಿಗೆ ಹೋಗತೈತಿ.
ರಕ್ತಕ್ಕ ತಣ್ಣೀರು, ಬಿಸಿನೀರು ಮುಟ್ಟಿಸಬ್ಯಾಡ.
ಎಲಿ-ಅಡಿಕಿ ಉಗುಳಿಗೆ ಹುಳಿ ಮಜ್ಜಿಗಿ,
ಎಣ್ಣಿಗೆ ಸವಳು.
ಇಷ್ಟು ಕಲಿಸಿ ನಮ್ಮತ್ತಿ ಈರಬಸವ್ವ
ಒಗಿಯೂ ಕಲ್ಲು ನನಗ ಬಿಟ್ಟು ಹ್ವಾದಳು.

ಹುಬ್ಬಳ್ಳಿ ಹೊಲಸೆಲ್ಲಾ ಗುಡ್ಡ ಆಗೇತಲ್ಲ,
ಅದರ ಬೆನ್ನಿಗೇ ನಮ್ಮ ಬೋರು, ನೂರಾ ಎಂಬತ್ತು ಫೂಟು.
ಹ್ವಾದ ದೀಪಾವಳಿ ದಾಟಿದ ಮ್ಯಾಲೆ
ಸಾಬೂನು ಹಚ್ಚೂಕಿಂತ ಮೊದಲಽ ನೊರಿ ಬರಾಕ ಹತ್ತಿತು.
'ಲಾಭ ಆತಲ್ಲ ನಿನಗ' ಅಂತ ನೆಗೆಣ್ಣಿ ನಕ್ಕಳು.
ನಾನೂ ನಕ್ಕೆ.

ಆಮ್ಯಾಲೆ ವಾಸನಿ.
ಕೊಳೆತದ್ದಾದರ ನಮಗ ಗೊತ್ತು, ಇದು ಕೊಳೆತದ್ದಲ್ಲ,
ಬಣ್ಣದ ಡಬ್ಬಿ ಮುಚ್ಚಳ ತಗದಂಗ, ಒಂಥರಾ ಸೀ.
ಕಲ್ಯಾಣ ಮಂಟಪದ ಬಿಳಿ ಮೇಜಿನ ಬಟ್ಟಿ
ಒಗದಷ್ಟೂ ಹಳದಿ,
ನೀಲಿ ಹಾಕಿದ್ರ ಹಸರು.
ನೀರಽ ಕಲೆ ಆದ್ರ ಯಾವ ನೀರಿಲೆ ತೊಳೀಲಿ?

ರಾತ್ರಿ ಎರಡಕ್ಕ ದೀಪ ಆರಿಸಿಕೊಂಡು ಟ್ಯಾಂಕರು ಬರತಾವು.
ಗುಡ್ಡದ ಆಚಿ ಮಗ್ಗಲಕ ಸಳಸಳ.
ನಾಯಿ ಬೊಗಳಂಗಿಲ್ಲ.
ಬೊಗಳೂ ನಾಯಿ ಉಳದಿಲ್ಲ.

ನೀರು ನೋಡಾವರು ಬಂದ್ರು, ಬಾಟ್ಲಿ ತುಂಬಿದರು,
ಮ್ಯಾಲೆ ಚೀಟಿ ಅಂಟಿಸಿದರು: ಹದಿನೇಳು.
ವರದಿ ಬರತೈತಿ ತಡೀರಿ, ಅಂದ್ರು.
ಅವರ ಬಿಳಿ ಕೋಟೂ ನಮ್ಮಲ್ಲೇ ಬರತೈತಿ, ವಾರಕ್ಕೊಮ್ಮೆ,
ವಿದ್ಯಾನಗರದ ಗಂಟಿನಾಗ,
ತೋಳಿನ ತುದಿಗೆ ಏನೋ ಚೆಲ್ಲಿದ ಕಂದು ಚುಕ್ಕಿ.

ಒಗಿಯೂ ಮುಂಚೆ ಕಿಸೆ ನೋಡೂದು ನಮ್ಮ ಕಸಬಿನ ಧರ್ಮ.
ಎಷ್ಟೋ ಸಿಕ್ಕಾವು. ಬಸ್ ಟಿಕೀಟು, ಒಂದು ಬೆಂಡೋಲಿ,
ಯಾವಾಕೀನೋ ಬರದ ಪತ್ರ.
ಎಲ್ಲಾ ತಿರುಗಿ ಕೊಟ್ಟೀನಿ.
ಈ ಸಲ ನಾಲ್ಕು ಮಡಿಕಿ ಹಾಳಿ.
ಇಂಗ್ಲಿಷು ಬರಂಗಿಲ್ಲ, ಅಂಕಿ ಬರತಾವು,
ಅಂಗಿ ಎಣಿಸಿ ಎಣಿಸಿ ಕಲಿತದ್ದು.
ಹದಿನೇಳರ ಮುಂದ ಕೆಂಪು ಪೆನ್ನಿನ ದುಂಡು ಗೆರಿ,
ಎರಡು ಸುತ್ತು, ಹಾಳಿ ಹರಿಯೂವಂಗ.

ಇಸ್ತ್ರಿ ಹಾಕಿದೆ. ಸುಕ್ಕು ತಗದು
ಕೋಟಿನ ಮ್ಯಾಲೆ ಕಾಣೂವಂಗ ಇಟ್ಟು ಕಳಿಸಿದೆ.
ಏನರ ಅಂದಾರು ಅಂತ ಎಂಟು ದಿನ ಬಾಗಲ ಕಾದೆ.

ಮುಂದಿನ ವಾರ ಕೋಟು ಬಂತು.
ಕಿಸೆದ ಬಾಯಿ ಹೊಲದಿತ್ತು.
ಬಿಳಿ ದಾರ, ಸಣ್ಣ ಸಣ್ಣ ಹೊಲಿಗಿ, ಮನಿಯಾಕೀದು ಇರಬೇಕು,
ಛಲೋ ಕೈ.
ಒಗದೆ.
ಒಣಗೂದರಾಗ
ದಾರ ಅಷ್ಟಽ ಹಳದಿ ಆತು.