ನೂರ ನಲವತ್ತರ ಗೀಟು

ಪನ್ವೇಲ್ ದಾಟಿ ಎಲ್ಲೋ ಗುಡ್ಡದ ಬುಡದಲ್ಲಿ
ಉಂಟಂತೆ ಆ ಪಾರ್ಕು. ತಲೆಕೆಳಗಾಗಿ ಓಡುವ ಬಂಡಿ,
ಕತ್ತಲೆಯ ಗುಹೆ, ನೀರಿನ ಜಾರುಬಂಡೆ.
ಬಣ್ಣದ ಕಾಗದ ತಂದವಳು ಹಿಮಾನಿ,
ಶಾಲೆಯಲ್ಲಿ ಯಾರೋ ಹೋಗಿ ಬಂದವರದ್ದು.

ಮೊದಲು ಓದಿದ್ದು ಬೆಲೆ. ಕೊನೆಗೆ ಓದಿದ್ದೂ ಬೆಲೆ.
ನಡುವೆ ಸಣ್ಣಕ್ಷರದಲ್ಲಿ ಒಂದು ಸಾಲು:
ಮಕ್ಕಳ ಟಿಕೇಟು ವಯಸ್ಸಿನಿಂದಲ್ಲ, ಎತ್ತರದಿಂದ.
ನೂರ ನಲವತ್ತು ಸೆಂಟಿಮೀಟರಿನೊಳಗೆ ಅರ್ಧ ಹಣ,
ಅದರಾಚೆ ಯಾರಾದರೂ ದೊಡ್ಡವರೇ.

ಅಳತೆಗೆ ನಾನು ಯಾರನ್ನೂ ಕೇಳಬೇಕಿಲ್ಲ.
ಭಾಂಡುಪಿನ ಈ ಚಾಳಿನ ಅರ್ಧ ಹೆಂಗಸರ
ಎದೆ, ಸೊಂಟ, ತೋಳು ನನ್ನ ಪುಸ್ತಕದಲ್ಲುಂಟು,
ಕೊರಳಲ್ಲಿ ಟೇಪು ಇದ್ದ ಹಾಗೆಯೇ ಒಗ್ಗರಣೆ ಹಾಕುವವಳು ನಾನು.
ಅಡುಗೆಮನೆಯ ಚೌಕಟ್ಟಿಗೆ ಅವಳನ್ನು ಒರಗಿಸಿ
ತಲೆಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನ ಗೀಟು ಎಳೆದೆ:
ನೂರ ಮೂವತ್ತೇಳು. ಅದು ಜನವರಿ.

ತಮ್ಮ ಚಿರಂತನದ್ದು ಬೇರೆಯೇ ತಕರಾರು.
ದೊಡ್ಡ ಬಂಡಿಗೆ ನೂರ ಇಪ್ಪತ್ತು ಬೇಕು, ಅವನು ನೂರ ಹದಿನಾರು.
ದಿನಾ ಬೆಳಿಗ್ಗೆ ಅಟ್ಟದ ಸರಳಿಗೆ ನೇತಾಡುತ್ತಾನೆ,
ಹಾಲಿಗೆ ಒಂದು ಚಮಚ ಹೆಚ್ಚು ಪುಡಿ ಕೇಳುತ್ತಾನೆ.
ಅವನು ಬೇಗ ಬೆಳೆಯಬೇಕು, ಅವಳು ನಿಲ್ಲಬೇಕು,
ಇವರಿಗೆ ಕ್ಯಾಂಟೀನಿನಿಂದ ರಜೆ ಸಿಗಬೇಕು.
ಮೂರೂ ಕೂಡಿ ಬರುವ ಮುಹೂರ್ತ
ಯಾವ ಭಟ್ಟರ ಪಂಚಾಂಗದಲ್ಲೂ ಇಲ್ಲ.

ಫೆಬ್ರವರಿಯಲ್ಲಿ ಇವರ ಸೇಠ್ ಊರಿಗೆ ಹೋದ.
ಮಾರ್ಚಿನಲ್ಲಿ ಪರೀಕ್ಷೆ. ಎಪ್ರಿಲಿನಲ್ಲಿ ಮಿಕ್ಸರು ಸುಟ್ಟಿತು,
ಹೊಲಿಗೆ ಮೆಷಿನಿನ ಮೋಟರು ಕೂಡ, ಒಂದೇ ವಾರದಲ್ಲಿ.
ರಾತ್ರಿ ಹನ್ನೊಂದೂವರೆಗೆ ಬಂದು, ಅಂಗಿ ತೂಗುಹಾಕಿ, ಇವರು ಕೇಳುತ್ತಾರೆ,
"ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ, ಹೌದಾ?"
ದಿನಕ್ಕೆ ಆರುನೂರು ಇಡ್ಲಿ ಇಳಿಸುವ ಮನುಷ್ಯ.
ಅಲ್ಲಿ ಒಂದು ಪ್ಲೇಟಿಗೆ ಎಷ್ಟೆಂದು ನಾನು ಹೇಳಲಿಲ್ಲ.

ಡಬ್ಬಿಯಲ್ಲಿ ನೋಟು ಏರುತ್ತಿತ್ತು, ಚೌಕಟ್ಟಿನಲ್ಲಿ ಗೀಟು.
ನಾಗರಪಂಚಮಿ ಕಳೆದ ಮೇಲೆ ಲೆಕ್ಕ ಕೂಡಿತು:
ಮೂರು ದೊಡ್ಡದು, ಎರಡು ಸಣ್ಣದು, ಬಸ್ಸು, ಊಟ.
ಆ ಸಂಜೆಯೇ ಹಿಮಾನಿ ನೂರ ನಲವತ್ತೊಂದು.
ಟೇಪು ಹಳತು, ಜಗ್ಗಿ ಹೋಗಿದೆ,
ನಿಜಕ್ಕೂ ಇನ್ನೂ ಹೆಚ್ಚೇ ಇರಬಹುದು.
ಬೆಳೆಯುವ ಹುಡುಗಿಯರ ಫ್ರಾಕಿಗೆ ಒಳಗೆ ಎರಡಂಗುಲ
ಮಡಿಚಿ ಬಿಡುತ್ತೇನೆ, ಮುಂದಿನ ವರ್ಷ ಬಿಚ್ಚಿದರಾಯಿತು.
ಟಿಕೇಟಿಗೆ ಒಳಮಡಿಕೆ ಇಲ್ಲ.

ಮರುದಿನ ಮೋರಿಯಿಂದ ಪಾತ್ರೆ ತರುವಾಗ ಕಂಡದ್ದು:
ಕಪಾಟಿನ ಕನ್ನಡಿಯೆದುರು ಅವಳೊಬ್ಬಳೇ.
ಉದ್ದ ಲಂಗದೊಳಗೆ ಮೊಣಕಾಲು ಮಡಿಸಿ,
ಹೆಗಲಿಳಿಸಿ, ಕತ್ತು ಒಳಗೆಳೆದುಕೊಂಡು
ಹಾಗೆಯೇ ನಾಲ್ಕು ಹೆಜ್ಜೆ ನಡೆದು ನೋಡುತ್ತಿದ್ದಳು.
ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲ, ನಾನೇ.
ಹಿಂದಿನ ರಾತ್ರಿ ಇವರ ಹತ್ತಿರ ನಗುತ್ತಾ ಅಂದಿದ್ದೆ,
ಗೇಟಿನಲ್ಲಿ ಸ್ವಲ್ಪ ಬಗ್ಗಿದರಾಯಿತು ಅಂತ.
ಹತ್ತಡಿ ಖೋಲಿಯಲ್ಲಿ ಪಿಸುಮಾತಿಗೆ ಎಲ್ಲಿಯ ಗೋಡೆ?

ಬಾಚಣಿಗೆ ತಂದು ಅವಳ ಬೆನ್ನ ಹಿಂದೆ ನಿಂತೆ.
ಎರಡೂ ಜಡೆ ಬಿಚ್ಚಿ, ಮೇಲೆತ್ತಿ, ನೆತ್ತಿಗೆ ತುರುಬು ಕಟ್ಟಿದೆ.
ಇನ್ನೂ ಎರಡಂಗುಲ ಎತ್ತರವಾದಳು.
"ನೆಟ್ಟಗೆ ನಿಲ್ಲು" ಅಂದೆ,
ಗದರಿದ ಹಾಗೆ ಕೇಳಿಸಿತೋ ಏನೋ.

ನಾಲ್ಕು ದೊಡ್ಡದು, ಒಂದು ಸಣ್ಣದು.
ಇನ್ನು ಆರೇಳು ರವಿಕೆ, ಇಲ್ಲವೇ ಒಂದು ಮದುವೆಯ ಲೆಹೆಂಗಾ.
ದೀಪಾವಳಿಗೆ ಆಗದು. ಸಂಕ್ರಾಂತಿ ಕಳೆದ ಮೊದಲ ಮಂಗಳವಾರ
ಅಂತ ಇವರು ಬರಲಿರುವ ಕ್ಯಾಲೆಂಡರಿಗೆ ಬಾಯಲ್ಲೇ ಸುತ್ತು ಹಾಕಿದರು.
ಚಿರಂತ ಸರಳಿನಿಂದ ಇಳಿಯಲಿಲ್ಲ.

ಇದನ್ನೆಲ್ಲ ಮಂಚದಿಂದ ನೋಡುತ್ತಿದ್ದ ಅತ್ತೆ
ನಿಧಾನಕ್ಕೆ ಎದ್ದು ಬಂದು ಚೌಕಟ್ಟಿಗೆ ಬೆನ್ನು ಕೊಟ್ಟರು.
"ನನ್ನದೂ ಒಂದು ನೋಡು ಮಾರಾಯ್ತಿ, ವರ್ಷ ವರ್ಷ ಕುಗ್ಗುತ್ತಿದ್ದೇನೆ.
ಇನ್ನು ನಾಲ್ಕು ಬೆರಳು ಹೋದರೆ ನನಗೂ ಅರ್ಧ ಟಿಕೇಟು."

ಸ್ಕೇಲಿಟ್ಟೆ. ನೂರ ನಲವತ್ತಾರು.
ಮೊಮ್ಮಗಳ ಗೀಟಿಗಿಂತ ಒಂದು ಗೇಣೂ ಮೇಲಿಲ್ಲ.
ಹಿಮಾನಿ ಪೆನ್ಸಿಲು ಕಸಿದುಕೊಂಡು ಪಕ್ಕದಲ್ಲಿ
ಅಜ್ಜಿ ಅಂತ ಬರೆದಳು.
"ತಾರೀಕೂ ಹಾಕು" ಅಂದರು ಅತ್ತೆ.