ಇರುವುದೇ ಒಂದು ಸಮುದ್ರ

ಟ್ರಾಬ್ಜಾನಿನಲ್ಲಿ ಬೇಕರಿಯ ಮೇಲಿನ ಕೋಣೆ.
ಸಂಜೆ ಆರಕ್ಕೆ ಕೆಳಗೆ ಒಲೆ ಹೊತ್ತಿಸಿದರೆಂದು
ನಮಗೆ ಅಂಗಾಲಿನಿಂದಲೇ ಗೊತ್ತಾಗುತ್ತಿತ್ತು.
ಹನ್ನೊಂದು ಕುರ್ಚಿ, ಒಂದಕ್ಕೆ ಕಾಲು ಸೊಟ್ಟ,
ಯಾವಾಗಲೂ ಅದರ ಮೇಲೆಯೇ ನೆಬಹತ್ ಹಾನಿಮ್:
ಅರವತ್ತೆಂಟು ವರ್ಷ, ಮೊಣಕಾಲು ನೋವು,
ಮೆಲ್ಬರ್ನಿನ ಮೊಮ್ಮಗಳೊಡನೆ ಫೋನಿನಲ್ಲಿ
ಜಗಳವಾಡುವಷ್ಟು ಇಂಗ್ಲಿಷ್ ಬಂದರೆ ಸಾಕೆಂದು ಸೇರಿದವಳು.

"ನಿನ್ನೆ ಸಮುದ್ರ ತುಂಬಾ ಇದೆ," ಅಂದಳು ಒಂದು ದಿನ
ತನ್ನ ಇಂಗ್ಲಿಷಿನಲ್ಲಿ.
ನಾನು ಬೋರ್ಡಿನ ಮೇಲೆ ಸರಿಮಾಡಿ ಬರೆದೆ,
ಎಲ್ಲಕ್ಕಿಂತ ಮೊದಲು ಒಂದು 'ದಿ'.
"ಅದು ಯಾಕೆ?"
ಯಾವ ಸಮುದ್ರ ಅಂತ ಇಬ್ಬರಿಗೂ ಗೊತ್ತಿದ್ದಾಗ
ಅದು ಬರುತ್ತದೆ, ಎಂದೆ.
"ಗೊತ್ತಿದ್ದ ಮೇಲೆ ಹೇಳುವುದು ಯಾಕೆ, ಹೋಜಮ್?
ನಮ್ಮೂರಿಗೆ ಇರುವುದೇ ಒಂದು ಸಮುದ್ರ."
ಹೇಝಲ್‌ನಟ್ ವ್ಯಾಪಾರಿ ಇದ್ರಿಸ್ ಮೇಜು ಗುದ್ದಿ ನಕ್ಕ.
ಅರ್ಧ ಗಂಟೆ ವಾದ. ಕೆಳಗಿಂದ ರೊಟ್ಟಿ ಬಂತು.
ಯಾರೂ ಸೋಲಲಿಲ್ಲ.

ಒಂಬತ್ತು ವರ್ಷ ನಾನು ಮಾರಿದ್ದು ಬಹುಮಟ್ಟಿಗೆ ಅದನ್ನೇ,
ಉಸಿರಿನಷ್ಟು ಸದ್ದು, ಅರ್ಥ ಕೇಳಿದರೆ ಕೈಗೆ ಸಿಗದ್ದು.

ಲಿರಾ ಇಳಿಯಿತು, ನನ್ನ ಸಂಬಳ ಅದರ ಹಿಂದೆಯೇ.
ಕೆಲಸದ ಅರ್ಜಿಗಳಲ್ಲಿ ಆ ಒಂಬತ್ತು ವರ್ಷ
ಹೇಗೆ ಬರೆದರೂ ಉದ್ದದ ರಜೆಯಂತೆ ಕಾಣುತ್ತಿತ್ತು.
ಕೊನೆಗೊಬ್ಬರು ಪರೀಕ್ಷೆಗೆಂದು ಪುಟವೊಂದನ್ನು ಕಳಿಸಿದರು,
ನಲವತ್ತು ತಪ್ಪು ಹೂತಿಟ್ಟದ್ದು.
ನಾನು ನಲವತ್ತಮೂರು ಹಿಡಿದೆ.

ಈಗ ಡಂಡೀ. ಮೂರನೆಯ ಮಹಡಿ,
ಕಿಟಕಿಯಾಚೆ ಟೇ ನದಿಯ ಬೂದು ಬಾಯಿ.
'ನನ್ನ ಗುರುವೇ' ಎಂದು ಇಲ್ಲಿ ಯಾರೂ ಕರೆಯುವುದಿಲ್ಲ;
ಎಲ್ಸ್‌ಪೆತ್ ಎನ್ನುತ್ತಾರೆ, ಅದೂ ಕೆಟಲ್ ಕುದಿಯುವಾಗ.
ಮೀನಿನ ಕಿವಿರು, ಜಲಾಶಯದ ಹೂಳು, ಅಳಿವೆಯ ಉಪ್ಪು,
ಎಲ್ಲೆಲ್ಲಿಂದಲೋ ಪ್ರಬಂಧಗಳು ಬರುತ್ತವೆ,
ಬರೆದವರ ಹೆಸರು ಕಿತ್ತುಹಾಕಿ.
ಮುಖ ನೋಡಿ ಮಣೆ ಹಾಕುವ ಹಾಗಿಲ್ಲ; ಮುಖವೇ ಇಲ್ಲ.
ಆದರೂ ತಪ್ಪಿಗೊಂದು ಬಾಯಿ ಇರುತ್ತದೆ.
ಇದು ಪೋಲಿಷ್ ಬಾಯಿ, ಇದು ಕೊರಿಯದ್ದು,
ಈ ವಾಕ್ಯ ಕ್ರಿಯಾಪದಕ್ಕಾಗಿ ಕೊನೆಯವರೆಗೂ
ಬಾಗಿಲಲ್ಲಿ ಕಾಯುತ್ತಿದೆಯಲ್ಲ,
ಇದರ ತಾಯಿ ಅನತೋಲಿಯಾದವಳಿರಬೇಕು.

ಮೊದಲ ವಾರ ಅಂಚಿನಲ್ಲೆಲ್ಲ ಬರೆದೆ:
"ಭೇಷ್! ಇದನ್ನೇ ಭೂತಕಾಲದಲ್ಲಿ ಹೇಳಿ ನೋಡೋಣ."
ಕ್ಯಾಲಮ್ ನನ್ನ ಮೇಜಿನ ಬಳಿ ಬಂದು ನಿಂತ,
ಪಾಪ, ಸಂಕೋಚದ ಮನುಷ್ಯ:
"ಹೇಳಿಕೊಡಬೇಡಿ. ತಿದ್ದಿಬಿಡಿ, ಸಾಕು."

ತಿದ್ದುತ್ತೇನೆ. ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ,
ದಿನಕ್ಕೆ ಇಪ್ಪತ್ತು ಪುಟ.
ಗಂಟಲು ಕಟ್ಟುವುದಿಲ್ಲ, ತೋಳಿಗೆ ಸೀಮೆಸುಣ್ಣವಿಲ್ಲ,
ಇಪ್ಪತ್ತೆಂಟಕ್ಕೆ ಸಂಬಳ, ತಪ್ಪದೆ.
ಸುಳ್ಳು ಯಾಕೆ, ನನಗೆ ಈ ಕೆಲಸ ಇಷ್ಟ.
ಅದೇ ಸ್ವಲ್ಪ ಮುಜುಗರ.
ಕಳಿಸಿದ ಮೇಲೆ ಆ ಕಡೆ ಯಾರೋ ಗುಂಡಿಯೊತ್ತುತ್ತಾರೆ:
ಎಲ್ಲಕ್ಕೂ ಒಪ್ಪಿಗೆ.
ಮುನ್ನೂರ ಹನ್ನೆರಡು 'ದಿ' ಒಂದೇ ಏಟಿಗೆ ಒಳಗೆ.
ಯಾಕೆ ಅಂತ ಒಬ್ಬರೂ ಕೇಳುವುದಿಲ್ಲ.

ಕಳೆದ ತಿಂಗಳು ಆಂಚೊವಿ ಮೀನಿನ ಮೇಲೊಂದು ಪ್ರಬಂಧ.
ಕೋಷ್ಟಕ ನಾಲ್ಕರ ಕೆಳಗೆ, ಇರುವೆಗಾತ್ರದ ಅಕ್ಷರದಲ್ಲಿ,
ಎರಡು ದಿನ ಬಲೆ ಬೀಸದಿದ್ದುದಕ್ಕೆ ಕಾರಣ:
ಸಮುದ್ರ ತುಂಬಾ ಇತ್ತು.

ಕರ್ಸರ್ ಅಲ್ಲೇ ಮಿಟುಕುತ್ತ ನಿಂತಿತು.
ಅಲೆಗಳ ಎತ್ತರ ಹೆಚ್ಚಿದ್ದರಿಂದ, ಎಂದು ತಿದ್ದಿದೆ.
'ದಿ' ಸೇರಿಸಿದೆ.
ಬದಿಯಲ್ಲೊಂದು ಪ್ರಶ್ನೆ ಹಾಕಿದೆ: ಯಾವ ಸಮುದ್ರ?
ಬೇಕಿರಲಿಲ್ಲ. ಶೀರ್ಷಿಕೆಯಲ್ಲೇ ಇತ್ತು.

ಸೋಮವಾರ ಫೈಲು ಮರಳಿತು. ಎಲ್ಲಕ್ಕೂ ಒಪ್ಪಿಗೆ.
ನನ್ನ ಪ್ರಶ್ನೆಯ ಕೆಳಗೆ ಮಾತ್ರ ಒಂದು ಪದ:
ನಮ್ಮದು.

ಅಚ್ಚಿಗೆ ಹೋಗುವ ಮುನ್ನ ಅಂಚಿನ ಟಿಪ್ಪಣಿಗಳನ್ನು
ಅಳಿಸಬೇಕು, ನಿಯಮ.
ಊಟ ಮಾಡಿ ಬಂದು ಅಳಿಸಿದೆ.